ಎಂಬತ್ತು ಎಳೆ

ಸಪ್ತಾಪುರದ ನಮ್ಮ ಮಾಳಿಗೆಯ ಮೇಲೆ
ಎರಡು ವರ್ಷ ಬಾಡಿಗೆಗಿದ್ದಳು ನೊಬುಕೊ.
ಜೋಳದ ಸುಳಿನೊಣದ ಮೇಲೆ ಅವಳ ಅಭ್ಯಾಸ.
ಸಂಜೆ ಕೃಷಿ ವಿಶ್ವವಿದ್ಯಾಲಯದಿಂದ ಬಂದರೆ
ಸೈಕಲ್ಲಿನ ಗಾಲಿಗೆಲ್ಲ ಎರೆಮಣ್ಣು.

ಹೋಗುವಾಗ ಬಿಟ್ಟುಹೋದ ಪೆಟ್ಟಿಗೆಯಲ್ಲಿ
ಹಿಡಿಕೆಯಿಲ್ಲದ ಒಂದು ಕರಿ ಬಟ್ಟಲು,
ಬಿದಿರಿನ ಚಮಚ
(“ಕಿವ್ಯಾಗಿನ ಗುಗ್ಗಿ ತಗೀಲಿಕ್ಕೇನು?” ಅಂದಿದ್ದರು ನಮ್ಮತ್ತಿ),
ಮತ್ತೆ, ಚಹಾ ಕಡೆಯುವ ಕಡಗೋಲು,
ಅಂಗೈಯುದ್ದದ ಬಿದಿರನ್ನು ಸೀಳಿ ಸೀಳಿ
ಎಂಬತ್ತು ಎಳೆ ಮಾಡಿದ್ದು.

ಈಗ ಸಂದೇಶ: ಗುರುವಾರ ಬರುತ್ತೇನೆ,
ಒಂದೇ ದಿನ, ಚಹಾ ಕುಡಿಯೋಣ.
ಪೆಟ್ಟಿಗೆ ತೆರೆದರೆ
ಕಡಗೋಲು ಇಲಿಯ ಪಾಲಾಗಿ
ಉಳಿದದ್ದು ಹನ್ನೊಂದು ಹಲ್ಲು.

ಹುಬ್ಬಳ್ಳಿ. ಮೇದಾರ ಓಣಿ.
ಕೋಳಿಬುಟ್ಟಿಗಳ ನಡುವೆ ಫಕ್ಕೀರವ್ವ,
ಕಾಲ ಹೆಬ್ಬೆರಳಿನಲ್ಲಿ ಬಿದಿರಪಟ್ಟಿ ಸಿಗಿಸಿಕೊಂಡು.
ಇಸಿದುಕೊಂಡಳು, ತಿರುವಿದಳು, ಮೂಸಿದಳು.
“ಒಂದ ಗಣಿಕಿಯೊಳಗ ಮಾಡ್ಯಾರ. ಹೆಣದಿಲ್ಲ.
ದಾರ ಹಾಕಿದ್ದು ಒಳಗಿನ ಎಳಿ ಹೊರಗಿನ ಎಳಿ
ಜಗಳ ಆಡಬಾರದಂತ.
ಯಾರ ಮಾಡಿರ್ಲಿ, ಕೈ ಚಲೋ ಐತಿ.
ಏನ್ ಮಾಡ್ತಾರ್ರಿ ಅಕ್ಕಾರ ಇದರ್ಲೆ?”

“ಚಹಾ ಕಡೀತಾರ.”

“ಕಡದರ ಬೆಣ್ಣಿ ಬರತೈತೇನ್ರಿ?”
ಓಣಿಗೆ ಓಣಿಯೇ ನಕ್ಕಿತು, ನಾನೂ.

ತೊಟ್ಟಿಲು ಮಾಡಿದ್ದಾಳೆ, ಮರ, ಏಣಿ,
ಚಟ್ಟಕ್ಕೆ ಬಿದಿರು ಕೊಟ್ಟಿದ್ದಾಳೆ.
ಚಟ್ಟಕ್ಕೆ ಯಾರೂ ಚೌಕಾಶಿ ಮಾಡುವುದಿಲ್ಲವಂತೆ.
“ಇದಕ್ಕೂ ಮಾಡಬ್ಯಾಡ್ರಿ.”

ಕತ್ತಿ ಇಳಿಯಿತು. ಎರಡು, ನಾಲ್ಕು, ಎಂಟು,
ಹದಿನಾರು. ಆಮೇಲೆ ಒಂದೊಂದನ್ನು ಐದು.
ಅಲ್ಲಿಂದ ಮಾತಿಲ್ಲ.
ಮೂರು ಗಣಿಕಿ ಕೆಟ್ಟವು.
ಕೆಟ್ಟದ್ದನ್ನು ಒಲೆಗೆ ಹಾಕಲಿಲ್ಲ,
ಮೊಮ್ಮಗಳು ಒಯ್ದು ಕಣ್ಣು ಬರೆದು
ಕೂದಲು ಕೆದರಿದ ಗೊಂಬೆ ಮಾಡಿಕೊಂಡಳು.

ನಾಲ್ಕನೆಯದು ಅರ್ಧವಾದಾಗ ಚಹಾ ಬಂತು,
ಮೂಲೆ ಅಂಗಡಿಯ ಕಪ್ಪು ಬಸಿ.
ಬಸಿಗೆ ಸುರುವಿಕೊಂಡಳು.
ಬೆರಳಿಗೆಲ್ಲ ಸಿಬಿರಿನ ಗಾಯ, ಬಟ್ಟೆಯ ಸುತ್ತು,
ಅದಕ್ಕೇ ಎರಡೂ ಅಂಗೈಯಲ್ಲಿ ಹಿಡಿದಳು.
ಹಿಡಿದು, ತುಟಿಗೆ ತರುವ ಮುಂಚೆ
ಬಲಕ್ಕೆ ತುಸು ತಿರುಗಿಸಿದಳು,
ಮತ್ತೆ ತುಸು.

ನನ್ನ ಕೈಯಲ್ಲಿ ಕಪ್ಪು ಆರುತ್ತಿತ್ತು.

ಹೀಗೇ ತಿರುಗಿಸುತ್ತಿದ್ದಳಲ್ಲ ನೊಬುಕೊ.
ಬಟ್ಟಲಿಗೊಂದು ಮುಖ ಇರುತ್ತದೆ,
ಮುಖದ ಮೇಲೆ ಬಾಯಿ ಇಡಬಾರದು, ಅನ್ನುತ್ತಿದ್ದಳು.
ಎರಡು ವರ್ಷ ಹುಡುಕಿದೆ ನಾನು ಆ ಮುಖವನ್ನು.
ಮಣ್ಣೆತ್ತಿನಮಾಸಿಯ ಎತ್ತಿಗೂ ಮುಖ ಕಾಣುತ್ತದೆ,
ಆ ಕರಿ ಬಟ್ಟಲು
ಸುತ್ತಲೂ ಬೆನ್ನೇ ಕೊಟ್ಟು ಕೂತಿತ್ತು.

“ಬಸಿ ಯಾಕ ತಿರುವಿದಿ ಫಕ್ಕೀರವ್ವಾ?”

“ಅಂಚಿಗೆ ಚಕ್ಕಿ ಹಾರೇತ್ರಿ. ತುಟಿ ಕೊಯ್ತೈತಿ.”

ಸೊರ್ ಎಂದು ಕುಡಿದು
ಕತ್ತಿ ಕೈಗೆತ್ತಿಕೊಂಡಳು.

ಇಲಿ ಕಡಿದದ್ದನ್ನು ವಾಪಸ್ಸು ಕೊಡಲಿಲ್ಲ.
“ಇದನ್ನ ಇಲ್ಲೇ ಬಿಟ್ಟ ಹೋಗ್ರಿ” ಅಂದಳು.
ಗಂಡನ ಫೋಟೋದ ಮೊಳೆಗೆ
ಮಾಲೆಯ ಪಕ್ಕ ತೂಗುಹಾಕಿದಳು.

ಗುರುವಾರ ನೊಬುಕೊ ಬಂದಳು, ತಲೆ ಅರ್ಧ ನರೆತಿತ್ತು.
ಹೊಸ ಕಡಗೋಲನ್ನು ಬಿಸಿನೀರಲ್ಲಿ ಅದ್ದಿ
ಬೆಳಕಿಗೆ ಹಿಡಿದು ನೋಡಿದಳು, ಬಹಳ ಹೊತ್ತು.
ಎಲ್ಲಿಯದು ಎಂದು ಕೇಳಲಿಲ್ಲ, ಕಡೆದಳು.
ನೊರೆ ಒರಟು, ದೊಡ್ಡ ದೊಡ್ಡ ಗುಳ್ಳೆ,
ಹುಣಸಿಕೆರೆಯ ಅಂಚಿನ ಹಾಗೆ ಅಂದುಕೊಂಡೆ.

ಬಟ್ಟಲು ನನ್ನ ಕೈಗೆ ಬಂತು.
ಎಲ್ಲೂ ಚಕ್ಕಿ ಹಾರಿರಲಿಲ್ಲ.
ಆದರೂ ತಿರುಗಿಸಿದೆ, ಎರಡು ಸಲ,
ಕೊಯ್ಯುತ್ತದೆ ಎಂಬಂತೆ.

ತಳದಲ್ಲಿ, ಹಸಿರು ಗಸಿಯೊಳಗೆ
ಬಿದಿರಿನ ಒಂದು ಎಳೆ.
ನಾಲಿಗೆಗೆ ಸಿಕ್ಕಿತು. ತೆಗೆದು
ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.
ನೊಬುಕೊ ನೋಡಿದಳು.
ಇನ್ನೂ ಎಪ್ಪತ್ತೊಂಬತ್ತು ಇದ್ದವು.